ಎಲೆ ದುಂಬಿಯ ಒಂದೇ ಊಟ
ಹಲವು ಗುಲಗಂಜಿ ಹುಳುಗಳು ಸಸ್ಯಹೇನು ತಿನ್ನುತ್ತವೆ. ಸಗಣಿ ಹುಳುವಿಗೆ ಸಗಣಿಯೇ ಆಹಾರ. ಎಲೆ ದುಂಬಿಗಳಲ್ಲಿ ಹಲವಕ್ಕೆ ಒಂದೆರಡು ಜಾತಿಯ ಗಿಡಗಳೇ ಆಗಬೇಕು. ಗಿಡದ ರಾಸಾಯನಿಕಗಳಿಂದಲೇ ಅವು ತಮ್ಮ ಊಟವನ್ನು ಗುರುತಿಸುತ್ತವೆ.

ಈ ಹಟ ರೈತನಿಗೆ ಅನುಕೂಲ. ನಾವಿಂದು ಸೇರಿರುವ ಓಕ್ಲ್ಯಾಂಡ್ ಇರುವ ಕ್ಯಾಲಿಫೋರ್ನಿಯಾದಲ್ಲಿ, ದನಗಳಿಗೆ ವಿಷವಾಗಿದ್ದ ಕ್ಲಾಮತ್ ಕಳೆಯನ್ನು ಅಡಗಿಸಿದ್ದು 1945-46ರಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಎಲೆ ದುಂಬಿಗಳು.

ನಮ್ಮ ಬೆಂಗಳೂರಿನಲ್ಲಿ 1984ರಲ್ಲಿ ಕಾಂಗ್ರೆಸ್ ಕಳೆಯ ಮೇಲೆ ಮೆಕ್ಸಿಕೊದ ಜೈಗೊಗ್ರಾಮ ದುಂಬಿಯನ್ನು ಬಿಟ್ಟರು. ಮುಂದೆ ಅದು ಸೂರ್ಯಕಾಂತಿಯ ಎಲೆಯನ್ನೂ ಕಡಿದಾಗ ಬೆಳೆಯೇ ಹೋಯಿತೆಂಬ ಆತಂಕ ಹುಟ್ಟಿತು. ಪರೀಕ್ಷಿಸಿದಾಗ, ಎಲೆಯ ಮೇಲೆ ಉದುರಿದ್ದ ಕಾಂಗ್ರೆಸ್ ಕಳೆಯ ಪರಾಗವೇ ಅದನ್ನು ತಿನ್ನಲು ಹಚ್ಚಿತ್ತೆಂದು ತಿಳಿಯಿತು.

ಹಿತ್ತಿಲಲ್ಲಿ ದುಂಬಿ ಕಂಡರೆ ಔಷಧಿ ಹೊಡೆಯುವ ಮೊದಲು ಅದು ಏನು ತಿನ್ನುತ್ತಿದೆ ಎಂದು ನೋಡಿ.