ಒಕ್ಕಲು ಮತ್ತು ಪಹಣಿ: ಕಾರವಾರ-ಅಂಕೋಲೆಗಳಲ್ಲಿ ಕೃಷಿ ಸಹಾಯಧನ

‘ಒಕ್ಕಲು’ ಎಂಬ ಪದಕ್ಕೆ ನೆಲೆಸಿದ ಕುಟುಂಬ, ಬೇಸಾಯಗಾರ, ಗೇಣಿದಾರ ಎಂಬ ಅರ್ಥಗಳಿವೆ. ಇವುಗಳಲ್ಲಿ ಒಡೆತನದ ಸೂಚನೆಯಿಲ್ಲ. ಕಾರವಾರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಹೆಸರಿನಲ್ಲಿ ಉಳಿದುಬಂದಿರುವ ಈ ಪದ ದುಡಿಮೆಯನ್ನು ಗುರುತಿಸುತ್ತದೆ. ಸರ್ಕಾರದ ಸಹಾಯಧನವಾದರೋ ಪಹಣಿಯನ್ನು ಅನುಸರಿಸುತ್ತದೆ.

ಭೂದಾಖಲೆ ಹುಟ್ಟಿದ್ದು ಕಂದಾಯ ವಸೂಲಿಗಾಗಿ. 1930ರ ದಶಕದ ಆರಂಭದ ಕರನಿರಾಕರಣ ಚಳವಳಿಯಲ್ಲಿ ಅಂಕೋಲೆಯ ರೈತರು ಕಂದಾಯ ಕೊಡಲೊಪ್ಪದೆ ಜಮೀನುಗಳನ್ನೇ ಕಳೆದುಕೊಂಡರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಅನೇಕ ಗೇಣಿದಾರರ ಹೆಸರು ದಾಖಲೆಗೆ ಸೇರಿತು. ಅದೇ ಕಾಯಿದೆ ಗೇಣಿಯನ್ನು ನಿಷೇಧಿಸಿದ್ದರಿಂದ, ಅನಂತರದ ಬಾಯಿಮಾತಿನ ಗೇಣಿಗೆ ದಾಖಲೆಯಲ್ಲಿ ಸ್ಥಾನ ದೊರೆಯಲಿಲ್ಲ.

2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ 6,000 ರೂಪಾಯಿಗಳನ್ನು 2,000ದ ಮೂರು ಕಂತುಗಳಲ್ಲಿ ಭೂಹಿಡುವಳಿದಾರ ಕುಟುಂಬದ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತದೆ. ಕರ್ನಾಟಕ ಸರ್ಕಾರ ಇದಕ್ಕೆ 4,000 ರೂಪಾಯಿ ಸೇರಿಸುತ್ತಿತ್ತು. 2023ರಲ್ಲಿ ಅದು ನಿಂತಿತು. ಗದ್ದೆಯನ್ನು ಗೇಣಿಗೆ ಕೊಟ್ಟು ಪಟ್ಟಣದಲ್ಲಿ ನೆಲೆಸಿದ ಖಾತೆದಾರನೂ ಈ ಹಣಕ್ಕೆ ಅರ್ಹನಾಗಬಲ್ಲ. ಅದೇ ಗದ್ದೆಯನ್ನು ಉತ್ತು ನಟ್ಟಿ ಮಾಡುವ ಗೇಣಿದಾರನಿಗೆ, ಸ್ವಂತ ಹಿಡುವಳಿ ಇಲ್ಲದಿದ್ದರೆ, ಅದು ಸಲ್ಲದು. ಹಕ್ಕುಪತ್ರವಿಲ್ಲದೆ ಅರಣ್ಯಭೂಮಿಯಲ್ಲಿ ಬೇಸಾಯ ಮಾಡುವವರೂ, ಅಜ್ಜನ ಹೆಸರಿನಿಂದ ಖಾತೆ ಬದಲಾಗದೆ ಉಳಿದ ಮನೆಗಳವರೂ ಇದೇ ಅಂಚಿನಲ್ಲಿದ್ದಾರೆ.

ಕೊಡುವ ಕಾಲದಲ್ಲಿ ರೈತನನ್ನು ಹಿಡಿದ ದಾಖಲೆಯೇ ಪಡೆಯುವ ಕಾಲದಲ್ಲಿಯೂ ಅವನನ್ನು ನಿರ್ಣಯಿಸುತ್ತಿದೆ. ಜನಪದವು ಒಕ್ಕಲೆಂದು ಕರೆದವನನ್ನು ಶಾಸನವೂ ರೈತನೆಂದು ಗುರುತಿಸುವವರೆಗೆ ಸಹಾಯಧನ ದುಡಿಮೆಗೆ ಸಂದ ಗೌರವವಾಗಲಾರದು.