ಬೂತಾಯಿ ಮೀನು: ಅದರ ಜೀವನಕ್ರಮವೂ ಕರಾವಳಿಯ ಚರಿತ್ರೆಯೂ

ಚರಿತ್ರೆಯ ಅಧ್ಯಾಪಕನಾದವನು ಮೀನಿನ ವಿಷಯವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಡಲಿನಿಂದ ಬಹುದೂರದಲ್ಲಿರುವ ನಮ್ಮ ಕೃಷ್ಣರಾಜಪುರದ ಮೀನಿನಂಗಡಿಗಳಲ್ಲಿಯೂ ಒಂದು ವರ್ಷ ಬೂತಾಯಿಯು ರಾಶಿಯಾಗಿ ಬಂದು ಬೀಳುವುದು, ಮತ್ತೊಂದು ವರ್ಷ ಅಪರೂಪವಾಗುವುದು ಎಲ್ಲರೂ ಕಂಡ ಸಂಗತಿ. ಈ ಏರಿಳಿತದ ಕಾರಣವನ್ನು ತಿಳಿಯದೆ ಪಶ್ಚಿಮ ಕರಾವಳಿಯ ಆರ್ಥಿಕ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲವೆಂಬುದೇ ಈ ಲೇಖನದ ಅಭಿಪ್ರಾಯ.

ತುಳುನಾಡಿನಲ್ಲಿ ಬೂತಾಯಿ, ಉತ್ತರ ಕನ್ನಡದ ಕೊಂಕಣಿಯಲ್ಲಿ ತಾರ್ಲೆ, ಕಾಸರಗೋಡಿನಿಂದ ದಕ್ಷಿಣಕ್ಕೆ ಮತ್ತಿ ಎಂದು ಕರೆಯಲ್ಪಡುವ ಈ ಮೀನಿಗೆ ಪ್ರಾಣಿಶಾಸ್ತ್ರಜ್ಞರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂಬ ಹೆಸರನ್ನಿಟ್ಟಿದ್ದಾರೆ. 1847ರಲ್ಲಿ ಫ್ರೆಂಚ್ ವಿದ್ವಾಂಸ ವಾಲೆನ್ಸಿಯೆನ್ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ‘ಲಾಂಜಿಸೆಪ್ಸ್’ ಎಂದರೆ ನೀಳವಾದ ತಲೆಯುಳ್ಳದ್ದು ಎಂದರ್ಥ. ಈ ಮೀನಿನ ತಲೆಯು ದೇಹದ ಉದ್ದದ ಸುಮಾರು ಮೂರನೆಯ ಒಂದು ಭಾಗದಷ್ಟಿರುತ್ತದೆ. ಬೆನ್ನು ನೀಲಿ-ಹಸುರು, ಹೊಟ್ಟೆ ಬೆಳ್ಳಿಯ ಬಣ್ಣ. ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಪೂರ್ಣವಾಗಿ ಬೆಳೆದಾಗ ಇದರ ಉದ್ದ ಸುಮಾರು 20 ಸೆಂಟಿಮೀಟರು.

ಈ ಮೀನು ಒಂಟಿಯಾಗಿ ಬಾಳುವುದಲ್ಲ. ಕರೆಯ ಸಮೀಪದ ನೀರಿನಲ್ಲಿ ಅಸಂಖ್ಯಾತವಾಗಿ ಗುಂಪುಗೂಡಿ ಸಂಚರಿಸುತ್ತದೆ. ಹಿಂಡು ಮೇಲಕ್ಕೆ ಬಂದಾಗ ನೀರಿನ ಬಣ್ಣ ಬದಲಾಗುತ್ತದೆ. ಮೇಲೆ ಕಡಲಹಕ್ಕಿಗಳು ಸುತ್ತುತ್ತವೆ. ಕತ್ತಲೆಯ ರಾತ್ರಿಯಲ್ಲಿ ಹಿಂಡಿನ ಚಲನೆಯಿಂದ ನೀರು ಮಿನುಗುತ್ತದೆ. ಈ ಗುರುತುಗಳನ್ನು ಓದಬಲ್ಲ ಕಣ್ಣು ಮೊಗವೀರರಿಗೂ ಖಾರ್ವಿಗಳಿಗೂ ಪರಂಪರೆಯಿಂದ ಬಂದಿದೆ. ಹಿಂಡುಗೂಡುವುದು ದೊಡ್ಡ ಮೀನುಗಳಿಂದ ರಕ್ಷಣೆಗೆ ಉಪಾಯವಾದರೂ, ಬಲೆಯ ಮುಂದೆ ಅದೇ ಗುಣವು ಅದರ ವಿನಾಶಕ್ಕೆ ಕಾರಣವಾಗುತ್ತದೆ.

ಬೂತಾಯಿಯ ಬದುಕು ನೈಋತ್ಯ ಮಾರುತಕ್ಕೆ ಕಟ್ಟುಬಿದ್ದಿದೆ. ಮಳೆಗಾಲದಲ್ಲಿ ಕರೆಯುದ್ದಕ್ಕೂ ದಕ್ಷಿಣಾಭಿಮುಖವಾಗಿ ಬೀಸುವ ಗಾಳಿಯು ಮೇಲಿನ ನೀರನ್ನು ನೂಕುತ್ತದೆ. ಭೂಭ್ರಮಣದ ಪ್ರಭಾವದಿಂದ ಆ ನೀರು ಬಲಕ್ಕೆ ತಿರುಗಿ ಕರೆಯಿಂದ ದೂರ ಸರಿಯುತ್ತದೆ. ತೆರವಾದ ಸ್ಥಳಕ್ಕೆ ಆಳದ ತಣ್ಣನೆಯ ನೀರು ಏರಿಬರುತ್ತದೆ. ಅದರೊಡನೆ ಬರುವ ಲವಣಾಂಶಗಳೂ ಸೂರ್ಯನ ಬೆಳಕೂ ಕೂಡಿದಾಗ ಡಯಾಟಮ್ ಎಂಬ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಇವೇ ಬೂತಾಯಿಯ ಮುಖ್ಯ ಆಹಾರ. ಕಿವಿರಿನ ಕಮಾನಿನ ಮೇಲಿರುವ, ಬಾಚಣಿಗೆಯ ಹಲ್ಲುಗಳಂತೆ ಒತ್ತಾದ ಎಳೆಗಳಿಂದ ಅದು ನೀರನ್ನು ಸೋಸಿ ಇವನ್ನು ಹಿಡಿಯುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮಿನ ಸಮೃದ್ಧಿಯು ಬೂತಾಯಿಯ ಸಮೃದ್ಧಿಯನ್ನು ಸೂಚಿಸುತ್ತದೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ಸಂಶೋಧಕರು 1955ರಲ್ಲಿ ಪ್ರತಿಪಾದಿಸಿದರು.

ಮೊಟ್ಟೆಯಿಡುವ ಕಾಲವೂ ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೀರಿನಲ್ಲಿ ತೇಲುವ ಮೊಟ್ಟೆ ಸುಮಾರು ಒಂದು ದಿನದಲ್ಲಿಯೇ ಒಡೆಯುತ್ತದೆ. ಮರಿ ಶೀಘ್ರವಾಗಿ ಬೆಳೆದು, ಸುಮಾರು ಒಂದು ವರ್ಷದಲ್ಲಿ 15 ಸೆಂಟಿಮೀಟರಿನಷ್ಟಾಗಿ ತಾನೂ ಮೊಟ್ಟೆಯಿಡಲು ಸಮರ್ಥವಾಗುತ್ತದೆ. ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಇಲ್ಲಿಯೇ ನಮ್ಮ ಪ್ರಶ್ನೆಯ ಮರ್ಮವಿದೆ. ದೀರ್ಘಾಯುವಾದ ಮೀನಿನಲ್ಲಿ ಒಂದು ವರ್ಷದ ಮರಿಗಳು ನಷ್ಟವಾದರೂ ಹಿಂದಿನ ಹಲವು ವರ್ಷಗಳ ಸಂತತಿ ಉಳಿದಿರುತ್ತದೆ. ಬೂತಾಯಿಗೆ ಅಂಥ ಮೀಸಲು ನಿಧಿಯಿಲ್ಲ. ಒಂದು ಮಳೆಗಾಲ ಕೆಟ್ಟರೆ ಅದರ ಫಲ ಮರುವರ್ಷವೇ ಬಲೆಯಲ್ಲಿ ಕಾಣುತ್ತದೆ. ಒಂದು ಮಳೆಗಾಲ ಅನುಕೂಲಿಸಿದರೆ ಸಂತತಿ ಅಷ್ಟೇ ವೇಗದಿಂದ ಚೇತರಿಸಿಕೊಳ್ಳುತ್ತದೆ.

ಈಗ ಚರಿತ್ರೆಗೆ ಬರೋಣ. ಮೀನು ವಿಪುಲವಾದಾಗ ತಿಂದು ಮಿಕ್ಕಿದ್ದನ್ನು ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಹಿಂಡಿ ತೆಂಗು ಮೊದಲಾದ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಮದರಾಸು ಸರ್ಕಾರದ ಮೀನುಗಾರಿಕೆಯ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್, ನಾಯುಡು ಅವರೊಡನೆ ಸೇರಿ 1920ರ ದಶಕದಲ್ಲಿ ಇದರ ಜೀವನವೃತ್ತಾಂತವನ್ನು ಪ್ರಕಟಿಸಿದನು. 1940ರ ದಶಕದಲ್ಲಿ ಮೀನು ತೀರ ಕಡಿಮೆಯಾದಾಗ, 1943ರಲ್ಲಿ ಆ ಸರ್ಕಾರವು ಮರಿಮೀನುಗಳ ಹಿಡಿತಕ್ಕೂ ಕೆಲವು ಬಲೆಗಳಿಗೂ ನಿರ್ಬಂಧ ವಿಧಿಸಿತು. ದೋಷ ಬಲೆಯದೋ ಕಡಲಿನದೋ ಎಂಬ ವಾದವು ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ.

ನಮ್ಮ ಕರೆಯಲ್ಲಿ ಈ ವಾದಕ್ಕೆ ಮಾನವೀಯವಾದ ಮುಖವೊಂದಿದೆ. ದಡದಿಂದ ಎಳೆಯುವ ರಂಪಣಿ ಬಲೆಗೆ ಹತ್ತಾರು ಜನರ ಕೂಟ ಬೇಕಾಗಿತ್ತು. ಬಂದ ಮೀನು ಪಾಲುಪಾಲಾಗಿ ಹಂಚಿಹೋಗುತ್ತಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಹಿಂಡು ದಡಕ್ಕೆ ಬರುವುದನ್ನು ಕಾಯದೆ, ಹಿಂಡಿದ್ದಲ್ಲಿಗೇ ಹೋಗಿ ಸುತ್ತುಗಟ್ಟುವ ಈ ಬಲೆಯ ಮುಂದೆ ರಂಪಣಿ ನಿಲ್ಲಲಾರದೆ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಅದರೊಡನೆ ಒಂದು ಹಂಚಿಕೆಯ ಪದ್ಧತಿಯೂ ಕ್ಷೀಣಿಸಿತು.

ಆದರೂ ಕಡಲಿನ ಏರಿಳಿತ ನಿಲ್ಲಲಿಲ್ಲ. ಭಾರತದಲ್ಲಿ 1994ರಲ್ಲಿ ಸುಮಾರು 47,000 ಟನ್ನಿಗೆ ಇಳಿದಿದ್ದ ಬೂತಾಯಿಯ ಹಿಡಿತ 2012ರಲ್ಲಿ ಏಳು ಲಕ್ಷ ಟನ್ನನ್ನು ಮೀರಿತು. ತರುವಾಯ ಮತ್ತೆ ಕುಸಿಯಿತು. ಕೇರಳದಲ್ಲಿ 2021ರ ಹಿಡಿತ ಸುಮಾರು 3,300 ಟನ್ ಮಾತ್ರ. ಅತಿಯಾದ ಹಿಡಿತ, ಮರಿಗಳ ನಾಶ, ಎಲ್ ನಿನೋದಂಥ ಹವಾವ್ಯತ್ಯಾಸ ಇವೆಲ್ಲವೂ ಕೂಡಿ ಕೆಲಸ ಮಾಡುತ್ತವೆಂದು ವಿಜ್ಞಾನಿಗಳ ಮತ. ಮೀನು ಮೊಟ್ಟೆಯಿಡುವ ಕಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಂತ್ರದೋಣಿಗಳಿಗಿರುವ 61 ದಿನಗಳ ನಿಷೇಧದ ಔಚಿತ್ಯವನ್ನು ಮೇಲಿನ ಜೀವನಕ್ರಮದಿಂದಲೇ ವಾಚಕರು ಊಹಿಸಬಹುದು.

ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಳೆಯ ದಾಖಲೆಗಳಲ್ಲಿ ಒಂದು ವರ್ಷದ ಅಂಕಿಯನ್ನು ಕಂಡು ಸಮೃದ್ಧಿಯನ್ನಾಗಲಿ ಬಡತನವನ್ನಾಗಲಿ ಸಾರಬೇಡಿ. 1956ಕ್ಕೆ ಮೊದಲು ದಕ್ಷಿಣ ಕನ್ನಡ ಮದರಾಸಿಗೂ ಉತ್ತರ ಕನ್ನಡ ಮುಂಬಯಿಗೂ ಸೇರಿದ್ದುದರಿಂದ ಒಂದೇ ಕಡಲಿನ ಲೆಕ್ಕ ಎರಡು ಕಡೆ ಹಂಚಿಹೋಗಿದೆ. ಮೀನಿಗೆ ಪ್ರಾಂತಗಳ ಗಡಿಯಿಲ್ಲ. ಎರಡನ್ನೂ ಜೋಡಿಸಿ, ಪಕ್ಕದಲ್ಲಿ ಮಳೆಗಾಲದ ಲೆಕ್ಕವನ್ನಿಟ್ಟು ಓದಿದಾಗಲೇ ಕರಾವಳಿಯ ಚರಿತ್ರೆ ಸರಿಯಾಗಿ ಅರ್ಥವಾದೀತು.