ಹಳೆ ಜೀಪಿನ ಬಿಡಿಭಾಗಗಳು: ಸಿಗದಿದ್ದರೆ ಹುಡುಕುವ ಬಗೆ, ಸಿಕ್ಕಿದ್ದು ಪದೇ ಪದೇ ಹೋದರೆ ನೋಡುವ ಬಗೆ

ಕೊಯ್ಲಿನ ನಡುವೆ ಜೀಪು ಮಲಗಿದರೆ ತೋಟದವರ ಪಾಡು ಏನಾಗುತ್ತದೆಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಹೋಗಬೇಕು. ಕೊಳೆರೋಗದ ಕಾಲದಲ್ಲಿ ಮೈಲುತುತ್ತವೂ ಸುಣ್ಣವೂ ಸಮಯಕ್ಕೆ ತೋಟ ಮುಟ್ಟಬೇಕು. ಮಳೆಯಲ್ಲಿ ಮನೆಯವರಿಗೆ ಹುಷಾರು ತಪ್ಪಿದರೆ ಆಸ್ಪತ್ರೆಗೆ ಹೋಗುವುದೂ ಅದೇ ಗಾಡಿಯಲ್ಲಿ. ಹೊಸ ಗಾಡಿ ಇದ್ದವರೂ ಹಳೆ ಜೀಪನ್ನು ಮಾರದೆ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಆ ಕೆಸರಿನ ಏರಿಗೆ, ಆ ಕಿರಿದಾದ ತೋಟದ ದಾರಿಗೆ ಅದೇ ಸರಿ.

ಆದರೆ ಅಂಗಡಿಗೆ ಹೋದರೆ 'ಆ ಪಾರ್ಟು ಈಗ ಬರುವುದಿಲ್ಲ ಸಾರ್' ಎಂಬ ಮಾತು. ಇನ್ನು ಕೆಲವರದ್ದು ಬೇರೆಯೇ ದೂರು. ಪಾರ್ಟು ಸಿಗುತ್ತದೆ, ಹಾಕಿಸಿದ ಎರಡು ತಿಂಗಳಿಗೆ ಮತ್ತೆ ಹೋಗುತ್ತದೆ. ಇವೆರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಏಕೆಂದರೆ ಕಷ್ಟಪಟ್ಟು ಹುಡುಕಿ ತಂದ ಭಾಗ ಬೇಗ ಹಾಳಾದಾಗ 'ಡೂಪ್ಲಿಕೇಟ್ ಮಾಲು' ಎಂದು ಅಂಗಡಿಯವರನ್ನು ಬೈಯುತ್ತೇವೆಯೇ ವಿನಾ, ಹಳೆಯದು ಏಕೆ ಹೋಗಿತ್ತು ಎಂಬುದನ್ನು ವಿಚಾರಿಸುವುದೇ ಇಲ್ಲ.

ಮೊದಲು ಒಂದು ಸಮಾಧಾನದ ಮಾತು. ನಮ್ಮ ಜೀಪುಗಳ ವಂಶ ದೊಡ್ಡದು. ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಅಮೆರಿಕದಲ್ಲಿ ಸಿಜೆ 3ಬಿ ಮಾದರಿಯ ತಯಾರಿಕೆ 1968ಕ್ಕೆ ನಿಂತರೂ ಅದೇ ಮೈಕಟ್ಟಿನ ಗಾಡಿಗಳು ನಮ್ಮಲ್ಲಿ ಆಮೇಲೆಯೂ ಬಹಳ ವರ್ಷ ತಯಾರಾದವು. ಮುಂದೆ ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಎಂಜಿನ್ನು ಬದಲಾದರೂ ಬೇರಿಂಗು, ಸೀಲು, ಜಾಯಿಂಟುಗಳಂಥ ಎಷ್ಟೋ ಭಾಗಗಳನ್ನು ಗಾಡಿಯ ಕಂಪೆನಿ ತಾನೇ ಮಾಡುತ್ತಿರಲಿಲ್ಲ, ಬೇರಿಂಗ್ ಕಂಪೆನಿ, ಸೀಲ್ ಕಂಪೆನಿಗಳಿಂದ ಕೊಂಡು ಹಾಕುತ್ತಿತ್ತು. ಆದಕಾರಣ ಗಾಡಿಯ ಹೆಸರು ಹೇಳಿ ಕೇಳಿದರೆ ಇಲ್ಲ ಎನ್ನುವ ವಸ್ತು, ಅಳತೆ ಹೇಳಿ ಕೇಳಿದರೆ ಪಕ್ಕದ ಅಂಗಡಿಯ ಕಪಾಟಿನಲ್ಲೇ ಇರಬಹುದು.

ಬೇರಿಂಗನ್ನೇ ನೋಡೋಣ. ಅದರ ಅಂಚಿನಲ್ಲಿ ಕೊರೆದ ಸಂಖ್ಯೆಯೇ ಅದರ ಜಾತಕ. 6205 ಎಂದಿದ್ದರೆ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52, ದಪ್ಪ 15. ಯಾವ ಕಂಪೆನಿ ಮಾಡಿದರೂ ಇದೇ ಅಳತೆ. ಕೊನೆಯ ಎರಡಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ, ಅಂದರೆ 07 ಎಂದರೆ 35 ಮಿ.ಮೀ. ಸಂಖ್ಯೆಯ ಹಿಂದಿನ ಅಕ್ಷರಗಳನ್ನೂ ಬರೆದುಕೊಳ್ಳಬೇಕು. ಝಡ್‌ಝಡ್ ಎಂದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನ ಮುಚ್ಚಳ, ಸಿ3 ಎಂದರೆ ಒಳಗೆ ಸ್ವಲ್ಪ ಹೆಚ್ಚು ಸಡಿಲ. ಬಿಸಿಯಾಗುವ ಜಾಗದಲ್ಲಿದ್ದ ಸಿ3 ತೆಗೆದು ಸಾಮಾನ್ಯದ್ದನ್ನು ಹಾಕಿದರೆ ಅದು ಬಿಗಿದುಕೊಂಡು ಬೇಗ ಸಾಯುತ್ತದೆ.

ಹಳೆ ವಿಲ್ಲೀಸಿನ ಚಕ್ರದ ಹಬ್ಬಿನಲ್ಲಿರುವುದು ಇಂಚಿನ ಅಳತೆಯ ಟೇಪರ್ ರೋಲರ್ ಬೇರಿಂಗು. ಕೋನಿನ ಸಂಖ್ಯೆ 18590, ಕಪ್ಪಿನದು 18520, ಒಳವ್ಯಾಸ 41.275 ಮಿ.ಮೀ., ಹೊರವ್ಯಾಸ 73.025. ಈ ಸಂಖ್ಯೆ ಹಿಡಿದು ಹೋದರೆ ಜೀಪಿನ ಹೆಸರೇ ಎತ್ತಬೇಕಾಗಿಲ್ಲ. ಆದರೆ ಕೋನೂ ಕಪ್ಪೂ ಜೋಡಿಯಾಗಿಯೇ ಬದಲಾಗಬೇಕು. ಕಪ್ಪು ಹಬ್ಬಿನಿಂದ ಬಿಡಿಸಲು ಕಷ್ಟವೆಂದು ಹಳೆಯದನ್ನೇ ಉಳಿಸಿ ಹೊಸ ಕೋನು ಕೂರಿಸುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಉಂಟು. ಸವೆದ ದಾರಿಯಲ್ಲಿ ಹೊಸ ರೋಲರು ಎಷ್ಟು ದಿನ ಓಡೀತು? ಕೂರಿಸಿದ ಮೇಲೆ ಚಕ್ರ ತಿರುಗಿಸುತ್ತಾ ನಟ್ಟನ್ನು ಬಿಗಿಯಾಗುವವರೆಗೆ ಬಿಗಿದು, ಅನಂತರ ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಗಟ್ಟಿಯಾಗಿರಲಿ ಎಂದು ಬಿಗಿದೇ ಬಿಟ್ಟರೆ ಹಬ್ಬು ಕೈ ಸುಡುತ್ತದೆ.

ಆಯಿಲ್ ಸೀಲಿಗೂ ಇದೇ ಮಾತು. ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಸಂಖ್ಯೆ ಸಾಮಾನ್ಯವಾಗಿ ಸೀಲಿನ ಮೇಲೆಯೇ ಇರುತ್ತವೆ. ಅಳಿಸಿಹೋಗಿದ್ದರೆ ಶಾಫ್ಟನ್ನೂ ಸೀಲು ಕೂರುವ ಗುಂಡಿಯನ್ನೂ ವರ್ನಿಯರಿನಿಂದ ಅಳೆಯಿರಿ. ಹಿಗ್ಗಿಹೋದ ಹಳೆ ಸೀಲಿನ ತುಟಿಯನ್ನು ಅಳೆದರೆ ತಪ್ಪು ಅಳತೆ ಬರುತ್ತದೆ. ದಪ್ಪ ಒಂದೆರಡು ಮಿ.ಮೀ. ಕಡಿಮೆಯಿದ್ದರೆ ಹೇಗೋ ನಡೆದೀತು, ವ್ಯಾಸದಲ್ಲಿ ಮಾತ್ರ ರಾಜಿಯಿಲ್ಲ.

ಹುಡುಕುವ ಜಾಗ ಯಾವುದು? ನಮ್ಮ ಅಭಿಪ್ರಾಯದಲ್ಲಿ ಮೊದಲು ಬೇರಿಂಗ್ ಅಂಗಡಿ, ಆಮೇಲೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಮಹೀಂದ್ರದ ಹಳೆ ಡೀಸೆಲ್ ಜೀಪುಗಳ ಎಂಜಿನ್ನಿಗೂ ಅದೇ ಸಂಸ್ಥೆಯ ಟ್ರ್ಯಾಕ್ಟರುಗಳ ಎಂಜಿನ್ನಿಗೂ ಹತ್ತಿರದ ನೆಂಟಸ್ತಿಕೆ ಉಂಟು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ದುಡ್ಡು ಕೊಡಬೇಡಿ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಗುಜರಿಯಿಂದ ಗೇರುಪೆಟ್ಟಿಗೆಯ ಹೌಸಿಂಗು, ಬ್ರಾಕೆಟ್ಟು, ಪುಲ್ಲಿಗಳಂಥ ಗಟ್ಟಿ ಸಾಮಾನು ತರಬಹುದು. ರಬ್ಬರು, ಬೇರಿಂಗು, ಬ್ರೇಕಿನ ಸಾಮಾನು ಅಲ್ಲಿಂದ ತರುವುದು ತರವಲ್ಲ. ಬುಶ್ಶು, ಪಿನ್ನು, ಸ್ಪೇಸರುಗಳನ್ನು ಊರಿನ ಒಳ್ಳೆ ಲೇತಿನವರೇ ಮಾಡಿಕೊಡುತ್ತಾರೆ. ಅವರಿಗೆ ಸವೆದ ತುಂಡನ್ನು ಕೊಟ್ಟು 'ಹೀಗೇ ಮಾಡಿ' ಎಂದರೆ ಸವೆದ ಅಳತೆಯಲ್ಲೇ ಮಾಡಿಕೊಟ್ಟಾರು. ಅದು ಕೂರುವ ಜಾಗದ ಅಳತೆಯನ್ನೂ ಒಯ್ಯಬೇಕು.

ಎಂಜಿನ್ನನ್ನೇ ಬದಲಿಸುವ ವಿಚಾರವಿದ್ದವರು ಒಂದು ಸಂಗತಿ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಅದನ್ನು ಆರ್‌ಟಿಓ ಕಚೇರಿಯಲ್ಲಿ ನಮೂದಿಸಬೇಕು. ನೋಂದಣಿ ಪತ್ರದಲ್ಲಿ ಒಂದು ನಂಬರು, ಬಾನೆಟ್ಟಿನ ಕೆಳಗೆ ಇನ್ನೊಂದು ಇದ್ದರೆ, ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ತೊಂದರೆ, ಅಪಘಾತವಾದಾಗ ವಿಮೆಯಲ್ಲೂ ತೊಂದರೆ.

ಇನ್ನು ಪದೇ ಪದೇ ಹೋಗುವ ಭಾಗಗಳ ವಿಚಾರ. ಇಲ್ಲಿ ನಾವು ಹೇಳುವುದು ಒಂದೇ: ಸತ್ತ ಪಾರ್ಟನ್ನು ಎಸೆಯಬೇಡಿ, ಮೆಕ್ಯಾನಿಕ್ಕಿನ ಹತ್ತಿರ ಕೇಳಿ ತೆಗೆದುಕೊಳ್ಳಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಬೆಳಕಿನಲ್ಲಿ ನೋಡಿ.

ನಮ್ಮ ಸದಸ್ಯರೊಬ್ಬರ ಜೀಪಿನಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಒಂದೇ ಕೊಯ್ಲಿನಲ್ಲಿ ಮೂರು ಸಲ ಹೋಯಿತು. ಮೂರನೆಯ ಸಲ ಹಾಕಿದ್ದು ದುಬಾರಿ ಕಂಪೆನಿ ಮಾಲು. ತೆಗೆದ ಕ್ರಾಸಿನ ತೋಳುಗಳ ಮೇಲೆ ಸೂಜಿ ರೋಲರಿನ ಗೆರೆಗಳು ಗೀರಿದಂತೆ ಸಾಲಾಗಿ ಒತ್ತಿಕೊಂಡಿದ್ದವು. ತುಕ್ಕಿಲ್ಲ, ಸುಟ್ಟ ನೀಲಿ ಬಣ್ಣವಿಲ್ಲ. ತುಕ್ಕಿನ ಕೆಂಪು ಪುಡಿ ಇದ್ದಿದ್ದರೆ ನೀರು ಒಳಹೊಕ್ಕಿದೆ ಎಂದೂ, ನೀಲಿಯಾಗಿದ್ದರೆ ಗ್ರೀಸು ಮುಟ್ಟಿಲ್ಲ ಎಂದೂ ತಿಳಿಯಬಹುದಿತ್ತು. ಬರೀ ಗೆರೆ ಒತ್ತಿದ್ದರೆ ಗ್ರೀಸಿನ ಕೊರತೆಗಿಂತ ಹೊಡೆತವನ್ನೇ ಮೊದಲು ಶಂಕಿಸಬೇಕು. ಹೊಡೆತ ಎಲ್ಲಿಂದ?

ಶಾಫ್ಟು ಓರೆಯಾಗಿ ತಿರುಗುವಾಗ ಒಂದು ಕ್ರಾಸಿನ ಆಚೆಯ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಹೆಚ್ಚುತ್ತದೆ, ಎರಡು ಸಲ ಕುಗ್ಗುತ್ತದೆ. ಇನ್ನೊಂದು ತುದಿಯ ಕ್ರಾಸು ಈ ಏರಿಳಿತವನ್ನು ತಿರುಗಿಸಿ ಸರಿಮಾಡುತ್ತದೆ. ಆದರೆ ಅದಕ್ಕೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿ ಇರಬೇಕು. ನಡುವಿನ ಹಲ್ಲುಜೋಡಣೆಯನ್ನು ಬಿಚ್ಚಿ ಪುನಃ ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ಆ ನೇರ ಕೆಡುತ್ತದೆ, ಸರಿಯಾಗುವ ಬದಲು ನಡುಕ ಕೂಡುತ್ತದೆ. ಇದಕ್ಕೆಂದೇ ಎರಡೂ ತುಂಡಿನ ಮೇಲೆ ಬಾಣದ ಗುರುತು ಇರುತ್ತದೆ. ಮಣ್ಣು, ಗ್ರೀಸು ಕೆರೆದು ನೋಡಿದರೆ ಕಾಣುತ್ತದೆ. ಆ ಸದಸ್ಯರ ಗಾಡಿಯಲ್ಲಿ ಬಾಣ ಬಾಣಕ್ಕೆ ಎದುರಾಗಿರಲಿಲ್ಲ. ಮೊದಲ ಸಲ ಕ್ರಾಸು ಹಾಕಿದ ದಿನವೇ ತಪ್ಪಿ ಕೂತದ್ದು ಎರಡನೆಯ, ಮೂರನೆಯ ಕ್ರಾಸನ್ನೂ ತಿಂದಿತ್ತು. ಬಾಣ ಸರಿಮಾಡಿಸಿದ ಮೇಲೆ ಅದೇ ಜಾಗಕ್ಕೆ ಸಾಧಾರಣ ಕ್ರಾಸು ಸಾಕಾಯಿತು.

ಕ್ರಾಸು ಹೋಗಲು ಬೇರೆ ಕಾರಣಗಳೂ ಉಂಟು. ಹೆಚ್ಚು ಮೂಟೆ ಹೊರಲೆಂದು ಸ್ಪ್ರಿಂಗಿಗೆ ಎರಡು ಪ್ಲೇಟು ಸೇರಿಸುತ್ತೇವೆ. ಗಾಡಿ ಎತ್ತರವಾಗುತ್ತದೆ, ಶಾಫ್ಟಿನ ಓರೆಯೂ ಹೆಚ್ಚುತ್ತದೆ. ಇನ್ನೊಂದು, ಕೆಸರು ದಾಟಿ ಬಂದವರು ಮುಂದಿನ ಆಕ್ಸಲ್ ಬಿಡಿಸಲು ಮರೆತು ಡಾಂಬರು ರಸ್ತೆಯಲ್ಲಿ ಹಾಗೆಯೇ ಪೇಟೆಗೆ ಹೋಗುವುದು. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಆದರೆ ಗೇರು ಬಿಡುವುದಿಲ್ಲ. ಕೆಸರಿನಲ್ಲಿ ಟಯರು ಜಾರಿ ಹೊಂದಿಕೊಳ್ಳುತ್ತದೆ, ಒಣ ರಸ್ತೆಯಲ್ಲಿ ಜಾರಲಾರದು. ಆ ಎಳೆತವೆಲ್ಲ ಕ್ರಾಸು, ಗೇರು, ಬೇರಿಂಗಿನ ಮೇಲೆ ಬೀಳುತ್ತದೆ. ಮುಂದೆ ಎರಡು ಹೊಸ 6.00-16 ಟಯರು, ಹಿಂದೆ ಬೋಳಾದದ್ದು ಹಾಕಿದರೆ ನೇರ ರಸ್ತೆಯಲ್ಲೂ ಇದೇ ಕಥೆ. ಲಿವರು ಕಚ್ಚಿಕೊಂಡು ಬಿಡಿಸಲು ಬಾರದಿದ್ದರೆ ಅದೇ ಇದರ ಗುರುತು. ಸ್ವಲ್ಪ ಹಿಂದಕ್ಕೆ ಓಡಿಸಿದರೆ ಬಿಡುತ್ತದೆ.

ಎರಡನೆಯ ದೊಡ್ಡ ದೂರು ಹಿಂದಿನ ಚಕ್ರದ ಸೀಲು. ಹೊಸ ಸೀಲು ಹಾಕಿದ ವಾರಕ್ಕೇ ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ. ಸೀಲಿನ ಮೇಲೆ ಸೀಲು ಬದಲಿಸುವ ಮೊದಲು ಆಕ್ಸಲ್ ಹೌಸಿಂಗಿನ ಮೇಲಿರುವ ಉಸಿರುಗೊಳವೆಯನ್ನು, ಮೆಕ್ಯಾನಿಕ್ಕುಗಳು ಬ್ರೀದರ್ ಎನ್ನುವುದನ್ನು, ನೋಡಿ. ನಮ್ಮ ಕೆಸರಿನಲ್ಲಿ ಅದು ಮುಚ್ಚಿಹೋಗುವುದೇ ಹೆಚ್ಚು. ಘಾಟಿ ಹತ್ತುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಸೀಲಿನ ತುಟಿಯಿಂದ ಎಣ್ಣೆಯನ್ನು ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ಹಳ್ಳದ ನೀರಿಗೆ ಇಳಿದಾಗ ಒಮ್ಮೆಲೇ ತಣಿದು ನೀರನ್ನು ಒಳಕ್ಕೆ ಹೀರುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಇಷ್ಟು ಅನಾಹುತಕ್ಕೆ ಕಾರಣವಾದ ಗೊಳವೆಯನ್ನು ತೆಗೆದು ತೊಳೆಯಲು ಹತ್ತು ನಿಮಿಷ ಸಾಕು.

ಬ್ರೀದರ್ ಸರಿಯಿದ್ದರೆ ಸೀಲು ಉಜ್ಜುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಎಂಥ ಸೀಲೂ ನಿಲ್ಲದು. ತೆಳುವಾದ ತೋಳು ಕೂರಿಸಬಹುದು, ಅಥವಾ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ ತುಟಿ ಹೊಸ ಜಾಗ ಮುಟ್ಟುವಂತೆ ಮಾಡಬಹುದು. ಬೇರಿಂಗಿನಲ್ಲಿ ಆಟವಿದ್ದರೂ ಸೀಲು ಸೋರುತ್ತದೆ. ಆಗ ಸೀಲು ನಿರಪರಾಧಿ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇವೆ. ಮೇನ್ ಪ್ಲೇಟು ಸೆಂಟರ್ ಬೋಲ್ಟಿನ ಜಾಗದಲ್ಲೇ ಮತ್ತೆ ಮತ್ತೆ ತುಂಡಾದರೆ ಯು ಬೋಲ್ಟು ಸಡಿಲವಿರುತ್ತದೆ. ಹೊಸ ಪ್ಲೇಟು ಹಾಕಿ ನಾಲ್ಕು ದಿನ ಓಡಿಸಿದ ಮೇಲೆ ಪುನಃ ಬಿಗಿಯಬೇಕು. ಬಲ್ಬು ಪದೇ ಪದೇ ಸುಟ್ಟರೆ ಎಂಜಿನ್ನು ಓಡುವಾಗ ಬ್ಯಾಟರಿಯ ಎರಡು ತುದಿಗೆ ಮೀಟರು ಹಿಡಿಯಿರಿ. 12 ವೋಲ್ಟಿನ ಗಾಡಿಯಲ್ಲಿ ಸುಮಾರು 14 ವೋಲ್ಟು ಸರಿ, 15 ದಾಟಿದರೆ ರೆಗ್ಯುಲೇಟರು ಕೆಟ್ಟಿದೆ. ಫ್ಯಾನ್ ಬೆಲ್ಟು ಒಂದೇ ಅಂಚಿನಲ್ಲಿ ಸವೆದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಕ್ಲಚ್ ಪ್ಲೇಟು ಬೇಗ ಸವೆದರೆ ಮೊದಲು ಪೆಡಲಿನ ಮೇಲಾಟ ನೋಡಿ. ಒತ್ತುವ ಮೊದಲು ಸುಮಾರು ಒಂದಂಗುಲ ಬಿಡುವು ಇರಬೇಕು. ಪ್ಲೇಟು ಎಣ್ಣೆಯಲ್ಲಿ ನೆಂದಿದ್ದರೆ ಎಂಜಿನ್ನಿನ ಹಿಂದಿನ ಸೀಲಿನದೇ ತಕರಾರು. ಹೆಡ್ ಗ್ಯಾಸ್ಕೆಟು ಎರಡನೆಯ ಸಲ ಹಾರಿದರೆ ಹೆಡ್ಡು ಬಾಗಿದೆಯೇ ಎಂದು ಅಡಿಪಟ್ಟಿ ಇಟ್ಟು ನೋಡಿಸದೆ ಮೂರನೆಯದನ್ನು ಹಾಕಿಸಬೇಡಿ.

ಬದಲಿ ಭಾಗ ಸಲ್ಲದ ಜಾಗಗಳೂ ಇವೆ. ಸ್ಟಿಯರಿಂಗಿನ ಬಾಲ್ ಜಾಯಿಂಟು, ರಾಡು, ಬ್ರೇಕಿನ ಹೋಸು ಮತ್ತು ಕಪ್ಪುಗಳಲ್ಲಿ 'ಸುಮಾರು ಸರಿಹೋಗುತ್ತದೆ' ಎಂಬ ಮಾತು ಬೇಡ. ಮುರಿದ ಸ್ಟಿಯರಿಂಗ್ ಭಾಗಕ್ಕೆ ವೆಲ್ಡಿಂಗ್ ಮಾಡಿಸುವುದಂತೂ ಬೇಡವೇ ಬೇಡ. ಬ್ರೇಕ್ ಕಪ್ಪುಗಳು ಪದೇ ಪದೇ ಉಬ್ಬಿ ಹೋಗುತ್ತಿದ್ದರೆ ಯಾರೋ ಯಾವಾಗಲೋ ಬ್ರೇಕ್ ಆಯಿಲಿನ ಬದಲು ಎಂಜಿನ್ ಆಯಿಲು ಸುರಿದಿರುತ್ತಾರೆ. ಖನಿಜ ಎಣ್ಣೆ ತಾಗಿದರೆ ಆ ರಬ್ಬರು ಊದಿಕೊಳ್ಳುತ್ತದೆ. ಆಗ ಕಪ್ಪು ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಕೊಳವೆಯೆಲ್ಲ ತೊಳೆದು ಅದರ ರಬ್ಬರನ್ನೆಲ್ಲ ಬದಲಿಸಬೇಕು. ಬ್ರೇಕ್ ಆಯಿಲು ಗಾಳಿಯ ತೇವವನ್ನೂ ಹೀರುತ್ತದೆ. ತೇವ ಹೀರಿದ ಆಯಿಲು ಚಾರ್ಮಾಡಿಯಂಥ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ. ನಮ್ಮ ಮಳೆಯ ಸೀಮೆಯಲ್ಲಿ ವರ್ಷಕ್ಕೊಮ್ಮೆ ಬದಲಿಸಿದರೆ ಹೆಚ್ಚೇನಲ್ಲ.

ಪ್ರತಿ ಗಾಡಿಗೂ ಒಂದು ನೋಟುಬುಕ್ಕು ಇಡುವುದು ಲೇಸು. ಯಾವ ಭಾಗ, ಅದರ ಮೇಲಿನ ಸಂಖ್ಯೆ, ಅಳತೆ, ಹಾಕಿದ ತಾರೀಖು, ಆಗಿನ ಕಿಲೋಮೀಟರು, ತೆಗೆದದ್ದು ಹೇಗಿತ್ತು, ಇಷ್ಟು ಸಾಕು. ಮೀಟರು ಕೆಟ್ಟಿದ್ದರೆ ತಾರೀಖಾದರೂ ಇರಲಿ. ಸಿಗದ ಭಾಗಕ್ಕೆ ಬೇರೆ ಗಾಡಿಯದನ್ನು ಕೂರಿಸಿ ಒಂದು ಮಳೆಗಾಲವಾದರೂ ಓಡಿಸಿ ನೋಡಿದ ಸದಸ್ಯರು ಅದರ ಸಂಖ್ಯೆ, ಅಳತೆ ಮತ್ತು ತಮ್ಮ ಜೀಪಿನ ಮಾದರಿಯನ್ನು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿದರೆ, ಇತರ ಸದಸ್ಯರ ಉಪಯೋಗಕ್ಕಾಗಿ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.